ಗಾಲಿಗೆ ಕಟ್ಟಿದ ಪೀಪಾಯಿ

ಈಗ ಹಿತ್ತಾಳೆ ಸಾಮಾನನ್ನು ಡ್ರಮ್ಮಿಗೆ ಸುರಿದು, ಗುಂಡಿ ಒತ್ತಿ, ಚಹಾ ಕುಡಿದು ಬರುವಷ್ಟರಲ್ಲಿ ಹೊಳಪು ಬರಿಸುವ ಯಂತ್ರ ಬಂದಿದೆಯಂತೆ. ನನ್ನ ತಮ್ಮ ಮೈಸೂರಿನಲ್ಲಿ ಅದನ್ನು ನೋಡಿ ಬಂದವನು ಅರ್ಧ ಗಂಟೆ ಕೈ ತಿರುಗಿಸಿ ತಿರುಗಿಸಿ ವಿವರಿಸಿದ. ಪೂರ್ತಿ ಕೇಳಿಸಿಕೊಂಡು, "ಇದನ್ನ ನಾನು ಮಹಾರಾಜರ ಕಾಲದಲ್ಲೇ ಎತ್ತಿನ ಗಾಡಿಯಲ್ಲಿ ಮಾಡಿದ್ದೆ" ಎಂದೆ. ಅವನು ನಕ್ಕುಬಿಟ್ಟ. ಆ ನಗೆಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಕೃಷ್ಣರಾಜನಗರದ ಹತ್ತಿರದ ಹೊಸ ಅಗ್ರಹಾರದಲ್ಲಿ. ಅಪ್ಪ ಸಂತೆಯಿಂದ ಸಂತೆಗೆ ಬಟ್ಟೆ ಹೊತ್ತು ಮಾರುತ್ತಿದ್ದರು. ನಮ್ಮವರಲ್ಲಿ ಹೆಣ್ಣುಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುವುದು ಕಡಿಮೆ, ಆದರೂ ಅಪ್ಪ ನನ್ನನ್ನು ನಾಲ್ಕನೇ ತರಗತಿಯವರೆಗೆ ಕಳಿಸಿದರು. ಮದುವೆಯಾಗಿ ಹುಣಸೂರಿಗೆ ಬಂದೆ. ಗಂಡನ ಮನೆಯವರು ತಲೆತಲಾಂತರದಿಂದ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಮೆರುಗು ಕೊಡುವವರು. ಮನೆಯ ಮಾತು ಉರ್ದು. ಮನೆಯೊಳಗಿನ ಮಾತುಗಳನ್ನೆಲ್ಲ ಇಲ್ಲಿ ಕನ್ನಡಕ್ಕೆ ತಂದು ಬರೆದಿದ್ದೇನೆ.

ಆ ಮನೆಯ ಮುಂದಿನ ಕೋಣೆಯೇ ಅಂಗಡಿ. ಒಬ್ಬ ಗಂಡಸು, ಒಂದು ಚಕ್ರ, ಒಂದು ನೀರಿನ ಕೊಡ ಹಿಡಿಸುವಷ್ಟು ಜಾಗ. ಅಡ್ಡಕ್ಕೆ ಮಲಗಿಸಿದ ಮರದ ಅಚ್ಚು, ಅದರ ತುದಿಯಲ್ಲಿ ಚರ್ಮ ಸುತ್ತಿದ ಚಕ್ರ. ಅಚ್ಚಿಗೆ ಒಂದು ಉದ್ದನೆಯ ವಾರು ಸುತ್ತಿತ್ತು. ಅದರ ಎರಡು ತುದಿಗಳೂ ಗೋಡೆಯ ಎರಡು ತೂತುಗಳ ಮೂಲಕ ಒಳಮನೆಗೆ ಬರುತ್ತಿದ್ದವು. ಒಳಗೆ ಕೂತವಳು ಬಲಗೈಯ ತುದಿಯನ್ನು ಎಳೆದರೆ ಚಕ್ರ ಒಂದು ಕಡೆ ತಿರುಗುತ್ತದೆ, ಎಡಗೈಯ ತುದಿಯನ್ನು ಎಳೆದರೆ ಇನ್ನೊಂದು ಕಡೆ. ಬೆಳಿಗ್ಗೆಯಿಂದ ಇಳಿಹೊತ್ತಿನ ಅಸರ್ ನಮಾಜಿನವರೆಗೂ ಹೀಗೆ ಎಳೆಯುತ್ತಲೇ ಇರಬೇಕು. ಮನೆಯ ಹೆಂಗಸರು ಗಿರಾಕಿಗಳ ಕಣ್ಣಿಗೆ ಬೀಳಬಾರದು, ಆದರೆ ಮನೆಯ ಹೆಂಗಸರಿಲ್ಲದೆ ಚಕ್ರ ತಿರುಗದು. ಅದಕ್ಕೆ ಯಾವನೋ ಮುತ್ತಜ್ಜ ಹುಡುಕಿದ ಉಪಾಯ ಆ ಎರಡು ತೂತುಗಳು. ಚಕ್ರ ಯಾರಿಂದ ತಿರುಗುತ್ತಿದೆ ಎಂದು ಬಂದ ಗಿರಾಕಿಗಳಲ್ಲಿ ಒಬ್ಬನೂ ಕೇಳಿದ್ದನ್ನು ನಾನು ಕಾಣೆ.

ನನ್ನ ಗಂಡ ಹಿಮ್ಮಡಿಯಿಂದ ನೆಲಕ್ಕೆ ಒಂದು ಸಲ ತಟ್ಟಿದರೆ ನಿಧಾನವಾಗಿ ಎಳೆಯಬೇಕು, ಎರಡು ಸಲ ತಟ್ಟಿದರೆ ಜೋರಾಗಿ. ಕೆಮ್ಮಿದರೆ ನಿಲ್ಲಿಸಬೇಕು. ಮದುವೆಯಾದ ಮೊದಲ ವರ್ಷ ನಾವು ಬಾಯಲ್ಲಿ ಆಡಿದ್ದಕ್ಕಿಂತ ಹಿಮ್ಮಡಿಯಲ್ಲಿ ಆಡಿದ್ದೇ ಹೆಚ್ಚು. ನಾನು ಚೆನ್ನಾಗಿ ಎಳೆಯುತ್ತಿದ್ದೆ. ಇದರಲ್ಲಿ ಸುಳ್ಳು ವಿನಯ ಬೇಡ. ಚಕ್ರಕ್ಕೆ ತಾಗಿದ್ದು ಚೊಂಬೋ ತಟ್ಟೆಯೋ ಎಂದು ವಾರಿನ ಬಿಗಿಯಲ್ಲೇ ಹೇಳುವಷ್ಟು ಕೈ ಪಳಗಿತ್ತು.

ಆಮೇಲೆ ಲೇತಿನ ಸಾಮಾನು ಬರತೊಡಗಿತು. ಕೊಡಗಿನ ಗಡಿಯ ಕೊಪ್ಪದ ಒಬ್ಬ ವ್ಯಾಪಾರಿ ಮೈಸೂರಿನಲ್ಲಿ ಹಿತ್ತಾಳೆಯ ಸಣ್ಣ ಸಣ್ಣ ಭಾಗಗಳನ್ನು ಲೇತಿನಲ್ಲಿ ಕಡೆಸಿ, ನಮ್ಮಲ್ಲಿ ಮೆರುಗು ಹಾಕಿಸಿ, ಕೊಡಗಿನ ಕಾಫಿ ತೋಟಗಳಿಗೆ ಕೊಡುತ್ತಿದ್ದ. ಪಾತ್ರೆಯಾದರೆ ದಿನಕ್ಕೆ ಏಳೆಂಟು. ಇವು ಮೂಟೆಗಟ್ಟಲೆ. ಒಂದೊಂದರ ಮೈಮೇಲೂ ಕೂದಲೆಳೆಯಂಥ ಲೇತಿನ ಗೀರುಗಳು, ಅಷ್ಟೂ ಹೋಗಬೇಕು. ಮನೆಯ ಊಟ ಈ ಮೂಟೆಗಳ ಮೇಲೆ ನಿಂತಿತು, ನನ್ನ ರಟ್ಟೆಗಳೂ ಅವುಗಳ ಮೇಲೇ ಸವೆದವು.

ಮೂರನೇ ತಿಂಗಳಲ್ಲಿ ಒಂದು, ಐದನೇ ತಿಂಗಳಲ್ಲಿ ಒಂದು, ಎರಡು ಬಸಿರು ಹೋದವು. ಮೂರನೆಯದು ನಿಂತಾಗ ಕಟ್ಟೆಮಳಲವಾಡಿಯಿಂದ ಸೂಲಗಿತ್ತಿಯನ್ನು ಕರೆಸಿದರು. ಆಕೆ ನನ್ನ ಹೊಟ್ಟೆ ನೋಡಿದಳು, ತೋಳು ನೋಡಿದಳು, ಆಮೇಲೆ ಗೋಡೆಯಿಂದ ಇಳಿಬಿದ್ದ ವಾರನ್ನು ನೋಡಿದಳು.

"ಈ ಸಲಾನೂ ನೀನು ಅದ್ನ ಎಳುದ್ರೆ ಇದೂ ನಿಲ್ಲಾಕಿಲ್ಲ ಕಣವ್ವ. ಏಳ್ಬುಟ್ಟಿದೀನಿ. ಆಮ್ಯಾಕೆ ನನ್ನ ಕರುದ್ರೂ ನಾನೇನೂ ಮಾಡಾಕಾಗಲ್ಲ" ಎಂದಳು.

ಅವಳು ಹೊರಟ ಮೇಲೆ ನಾನು ವಾರಿನ ತುದಿಗಳನ್ನು ಸುತ್ತಿ ಮೊಳೆಗೆ ನೇತುಹಾಕಿದೆ. ಗಂಡನಿಗೆ, "ಇನ್ನು ನಾನು ಇದನ್ನು ಮುಟ್ಟುವುದಿಲ್ಲ" ಎಂದೆ. ಅವರು ಒಳ್ಳೆಯ ಮನುಷ್ಯ, ಇಲ್ಲ ಎನ್ನಲಿಲ್ಲ. ಆದರೆ ಅತ್ತೆ ಬಾಗಿಲಲ್ಲಿ ನಿಂತು, "ನಾನೂ ಇಪ್ಪತ್ತು ವರ್ಷ ಎಳೆದಿದ್ದೇನೆ, ದುಲ್ಹನ್. ನನಗೇನಾಯಿತು?" ಎಂದರು. ಮದುಮಗಳು ಎಂಬ ಆ ಹೆಸರು ನಮ್ಮಲ್ಲಿ ಸೊಸೆಯನ್ನು ಮುದುಕಿಯಾಗುವವರೆಗೂ ಬಿಡುವುದಿಲ್ಲ. "ನಿಮಗೇನೂ ಆಗಲಿಲ್ಲವಲ್ಲ, ಹಾಗಾದರೆ ನೀವೇ ಎಳೆಯಿರಿ" ಎಂದುಬಿಟ್ಟೆ. ಹಿರಿಯರಿಗೆ ಆಡುವ ಮಾತಲ್ಲ ಅದು. ಅತ್ತೆ ಸೆರಗು ಬಿಗಿದು ಕೂತು ವಾರು ಹಿಡಿದರು.

ಆಳು ಇಡಬಾರದಿತ್ತೇ ಎಂದು ನೀವು ಕೇಳಬಹುದು. ವಾರು ಎಳೆಯುವ ಜಾಗ ಒಲೆಯ ಪಕ್ಕದಲ್ಲಿತ್ತು. ಪರಗಂಡಸನ್ನು ಅಲ್ಲಿಗೆ ಯಾರು ಬಿಟ್ಟಾರು? ವಿದ್ಯುತ್ ಕಂಬ ನಮ್ಮ ಬೀದಿಗೆ ಬರುವ ಸುಳಿವೇ ಇರಲಿಲ್ಲ. ಅತ್ತೆಯ ತೋಳು ಮೂರನೇ ದಿನದ ಮಧ್ಯಾಹ್ನಕ್ಕೆ ಸೋತಿತು. ಚಕ್ರ ಎರಡು ಸುತ್ತು ತಿರುಗುವುದು, ನಿಲ್ಲುವುದು, ಮತ್ತೆ ಎರಡು ಸುತ್ತು. ಆ ವಾರದ ಮೂಟೆಯಲ್ಲಿದ್ದವು ಪಂಪಿನೊಳಗೆ ನೀರನ್ನು ತಡೆಯುವ ಬಿಲ್ಲೆಗಳು, ನಮಗೆ ಹೊಸ ಸಾಮಾನು. ಹೇಗೋ ಮುಗಿಸಿ, ಒಡೆಯದಿರಲೆಂದು ಪಾತ್ರೆ ತುಂಬುವ ಹಾಗೆಯೇ ಮೂಟೆಗೆ ಭತ್ತದ ಹೊಟ್ಟು ತುಂಬಿ, ಬಿಲ್ಲೆಗಳನ್ನು ಅದರಲ್ಲಿ ಹೂತು ಕಳಿಸಿದರು. ಹಿತ್ತಾಳೆ ಬಿಲ್ಲೆ ಒಡೆಯುತ್ತದೆಯೇ? ಆದರೂ ನಮ್ಮ ಮನೆಯ ಪದ್ಧತಿ ಹಾಗೆ.

ಮೂಟೆ ವಾಪಸು ಬಂತು. ವ್ಯಾಪಾರಿ ಅಂಗಡಿಯ ಕಟ್ಟೆಯ ಮೇಲೆ ಅದನ್ನು ಕುಕ್ಕಿದ ಸದ್ದು ಒಳಗೆ ನನಗೆ ಕೇಳಿಸಿತು.

"ಸಾಬ್ರೇ, ಇದೇನ್ರೀ ಇದು? ಕನ್ನಡಿ ಅಂಗೆ ಒಳೀತದೆ, ಪಂಪಿಗಾಕುದ್ರೆ ನೀರು ಸೋರ್ತದೆ! ಅಂಚ್ನೆಲ್ಲ ಉಜ್ಜಿ ದುಂಡುಗ್ ಮಾಡ್ಬುಟ್ಟಿದೀರಲ್ಲ. ಅದು ಚೂಪಾಗಿರ್ಬೇಕು ಕಣ್ರೀ, ಇಲ್ದಿದ್ರೆ ನೀರು ಎಂಗ್ ನಿಂತದೆ?"

ವಾರಿನ ತೂತಿನಿಂದ ಇಣುಕಿದೆ, ನನ್ನ ಗಂಡ ಬಿಲ್ಲೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಅವರ ತಪ್ಪು ಏನೆಂದು ನನಗೆ ಗೋಡೆಯಾಚೆಯಿಂದಲೇ ಗೊತ್ತಾಯಿತು. ಪಾತ್ರೆಗೆ ಮೆರುಗು ಕೊಡುವವರ ಕೈಗೆ ಚೂಪು ಅಂಚು ಕಂಡರಾಗದು. ಚೊಂಬಿನ ಬಾಯಿ ತುಟಿಯನ್ನು ಕೊಯ್ಯಬಾರದು, ತಟ್ಟೆಯ ಅಂಚು ಬೆರಳನ್ನು ಕಚ್ಚಬಾರದು. ಚಿಕ್ಕಂದಿನಿಂದ ಕಲಿತ ಕೈ ಯಾರನ್ನೂ ಕೇಳದೆ ಪ್ರತಿ ಬಿಲ್ಲೆಯ ಅಂಚನ್ನೂ ಸವರಿ ಹಾಕಿತ್ತು. ವ್ಯಾಪಾರಿ ಹೊಸ ಬಿಲ್ಲೆಗಳ ಮೂಟೆಯೊಂದನ್ನು ಇಳಿಸಿ, ಮುಂದಿನ ವಾರ ಸರಿಯಾಗಿ ಸಿಗದಿದ್ದರೆ ಮೈಸೂರಿನಲ್ಲೇ ಮೆರುಗು ಹಾಕಿಸುತ್ತೇನೆಂದು ಹೇಳಿ ಹೋದ.

ಆ ಮಧ್ಯಾಹ್ನ ವಾಪಸು ಬಂದ ಮೂಟೆಯನ್ನು ನೆಲದ ಮೇಲೆ ಸುರಿದುಕೊಂಡು ಕೂತೆ. ಹೊಟ್ಟನ್ನು ಕೇರಿ ಒಲೆಗೆ ಇಟ್ಟುಕೊಳ್ಳುವುದಷ್ಟೇ ನನ್ನ ಉದ್ದೇಶ. ಅಡಿಯಲ್ಲಿ ಹತ್ತು ಹನ್ನೆರಡು ಬಿಲ್ಲೆಗಳು ಸಿಕ್ಕವು. ಅಂಚು ಮುಟ್ಟಿದರೆ ಬೆರಳು ಕೊಯ್ಯುವಷ್ಟು ಚೂಪು. ನನ್ನ ಗಂಡ ಇವನ್ನು ಮುಟ್ಟಿಯೇ ಇಲ್ಲ, ಅತ್ತೆಯ ತೋಳು ಸೋತ ದಿನ ಉಜ್ಜದೆ ಬೆರೆತುಹೋದವು ಎಂದು ಅರ್ಥವಾಯಿತು. ಆದರೆ ಗೀರುಗಳಿರಲಿಲ್ಲ. ಬಾಗಿಲ ಬೆಳಕಿಗೆ ಹಿಡಿದರೆ ನನ್ನ ಹುಬ್ಬು ಕಾಣಿಸಿತು. ಉಜ್ಜದ ಬಿಲ್ಲೆಗೆ ಮೆರುಗು ಎಲ್ಲಿಂದ ಬಂತು?

ಯೋಚಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಹುಣಸೂರಿನಿಂದ ಪಿರಿಯಾಪಟ್ಟಣ, ಅಲ್ಲಿಂದ ಕೊಪ್ಪ, ಕೊಪ್ಪದಿಂದ ತೋಟ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ಅಷ್ಟು ದಿನ ವ್ಯಾಪಾರಿಯ ಎತ್ತಿನ ಗಾಡಿ ಕುಲುಕಿದೆ, ಹೊಟ್ಟು ಉಜ್ಜಿದೆ. ನಾನು ಎದ್ದು ನಿಂತು ಗಟ್ಟಿಯಾಗಿ ನಕ್ಕೆ. ಮನೆಗೆ ಸೊಸೆಯಾಗಿ ಬಂದ ಮೇಲೆ ಅಷ್ಟು ಜೋರಾಗಿ ನಕ್ಕಿರಲಿಲ್ಲ. ಗಂಡ ಓಡಿ ಬಂದರು. "ನನ್ನ ಕೆಲಸ ಮಾಡುವವರು ಸಿಕ್ಕರು. ಎರಡು ಎತ್ತು" ಎಂದೆ.

ಬರೀ ಕುಲುಕಾಟ ಸಾಲದು, ಉರುಳಬೇಕು ಎಂದೂ ನನಗೆ ಹೊಳೆಯಿತು. ಗಾಡಿಯಲ್ಲಿ ಬೆಳಗಿನಿಂದ ಸಂಜೆವರೆಗೂ ಬಿಟ್ಟಿಯಾಗಿ ತಿರುಗುವುದೇನಿದೆ? ಗಾಲಿ. ಗಾಲಿಯ ನಡುವಿನಿಂದ ಅಂಚಿಗೆ ಹೋಗುವ ಮರದ ಕಾಲುಗಳಿಗೆ ಸಣ್ಣ ಪೀಪಾಯಿಗಳನ್ನು ಎದುರುಬದುರಾಗಿ ಬಿಗಿದರೆ ಭಾರ ಸಮವಾಗುತ್ತದೆ. ಗಾಲಿ ಒಂದು ಸುತ್ತು ಬಂದರೆ ಒಳಗಿರುವುದೆಲ್ಲ ಒಂದು ಸಲ ಮಗುಚುತ್ತದೆ. ಭತ್ತದ ಹೊಟ್ಟಿನ ಜೊತೆಗೆ ಚರ್ಮ ಹದಮಾಡುವವರಲ್ಲಿ ಬಿಸಾಡುವ ಚೂರುಗಳನ್ನೂ ಸೋಸಿದ ಇಟ್ಟಿಗೆ ಪುಡಿಯನ್ನೂ ಒಂದಿಷ್ಟು ಹಾಕುವುದು. ಇದ್ದಿಲಿನಲ್ಲಿ ನೆಲದ ಮೇಲೆ ಗಾಲಿ ಬರೆದು ತೋರಿಸಿದೆ. ಗಂಡ ಅದನ್ನು ನೋಡಿ, "ನನ್ನ ಕೈ ಬೇಡವೇ ಹಾಗಾದರೆ?" ಎಂದರು. ಅವರ ಮುಖ ನೋಡಿ ನನಗೆ ಅಯ್ಯೋ ಅನಿಸಿತು. "ಪಾತ್ರೆಗೆ ನಿಮ್ಮ ಕೈ ಬೇಕು. ಬಿಲ್ಲೆಗೆ ಬೇಡ. ನಿಮ್ಮ ಕೈ ಒಳ್ಳೆಯದು, ಅದಕ್ಕೇ ಬೇಡ" ಎಂದೆ. ಅತ್ತೆ ಕೇಳಿಸಿಕೊಂಡರೂ ಕೇಳಿಸದವರ ಹಾಗೆ ಅಕ್ಕಿ ಆರಿಸುತ್ತಿದ್ದರು.

ಮುಂದಿನ ವಾರ ವ್ಯಾಪಾರಿ ಬಂದಾಗ ಪರದೆಯ ಹಿಂದೆ ನಿಂತು ನಾನೇ ಮಾತಾಡಿದೆ. ಒಳಗಿನಿಂದ ಹೆಂಗಸಿನ ದನಿ ಬಂದದ್ದಕ್ಕೆ ಅವನಿಗೆ ಗಾಬರಿಯಾಗಿರಬೇಕು.

"ಬೂಬಮ್ನೋರೇ, ಗಾಲಿಗೆ ಪೀಪಾಯಿ ಕಟ್ಕೊಂಡ್ ಓದ್ರೆ ದಾರೀಲಿ ಜನ ನಗಾಕಿಲ್ವಾ? ಎತ್ತು ಬ್ಯಾರೆ ಬೆದರ್ತವೆ."

"ಅಣ್ಣಾ, ಹೊಟ್ಟು ತುಂಬಿರುತ್ತೆ, ಸದ್ದೇ ಬರಲ್ಲ. ಜನ ನಕ್ಕರೆ ನಗಲಿ ಬಿಡಿ. ಪಂಪು ಸೋರಿದಾಗ ತೋಟದವರು ನಗಲಿಲ್ಲ ತಾನೇ?"

ಅವನು ನನ್ನ ಗಂಡನ ಕಡೆ ತಿರುಗಿ, "ಸಾಬ್ರೇ, ನಿಮ್ಮನೇರು ಬಾಳ ಗಟ್ಟಿಗಿತ್ತಿ ಕಣ್ರೀ. ಆಯ್ತು ಬುಡಿ, ಒಂದ್ ಸಲ ಕಟ್ಟಿ ನೋಡ್ಮ" ಎಂದ. ಬಡಗಿ ಮಾಡಿಕೊಟ್ಟ ನಾಲ್ಕು ಪೀಪಾಯಿಗಳನ್ನು ಎರಡು ಗಾಲಿಗೂ ಬಿಗಿದರು. ಗಾಡಿ ಬೀದಿಯ ತಿರುವು ದಾಟುವವರೆಗೂ ಕಿಟಕಿಯ ಸಂದಿನಿಂದ ನೋಡುತ್ತಾ ನಿಂತೆ. ಪೀಪಾಯಿಗಳು ಮೇಲೆ ಹೋಗುತ್ತಿದ್ದವು, ಕೆಳಗೆ ಬರುತ್ತಿದ್ದವು. ನನ್ನ ಎರಡು ತೋಳುಗಳೂ ನನ್ನ ಮಡಿಲಲ್ಲಿ ಸುಮ್ಮನಿದ್ದವು.

ನಾಲ್ಕು ದಿನಕ್ಕೆ ಗಾಡಿ ಬಂತು, ಬಿಲ್ಲೆಗಳೂ ಬಂದವು. ಹಿತ್ತಾಳೆ ಅನ್ನುವಂತೆಯೇ ಇರಲಿಲ್ಲ. ಒಂದು ಕಡೆ ತಾಮ್ರದ ಕೆಂಪು, ಒಂದು ಕಡೆ ಕಪ್ಪು ಕಲೆ, ಮೈಯೆಲ್ಲ ಹುಳು ಹಿಡಿದಂತೆ ಸಣ್ಣ ಗುಳಿ. "ಇನ್ನೊಂದೇ ಸಲ ಸಾಬ್ರೇ, ಆಮ್ಯಾಕೆ ನನ್ನ ಕೇಳ್ಬ್ಯಾಡಿ" ಎಂದು ವ್ಯಾಪಾರಿ ಇನ್ನೊಂದು ಮೂಟೆ ಇಳಿಸಿ ಹೋದ. ಗಂಡ ಒಳಗೆ ಬಂದು ಮೊಳೆಯ ಮೇಲಿನ ವಾರನ್ನು ನೋಡಿದರು. ನನಗೆ ಆಗ ನಾಲ್ಕು ತಿಂಗಳು ತುಂಬಿ ಐದು ನಡೆಯುತ್ತಿತ್ತು.

"ಒಂದೇ ಒಂದು ವಾರ ಎಳೆ. ಈ ಮೂಟೆ ಮುಗಿಸಿಬಿಡೋಣ. ಅಂಚು ಮುಟ್ಟದ ಹಾಗೆ ನಾನು ನೋಡಿಕೊಳ್ಳುತ್ತೇನೆ" ಎಂದರು.

"ಹೋದ ಸಲವೂ ಐದನೇ ತಿಂಗಳೇ" ಎಂದೆ. ಅವರು ತಲೆ ತಗ್ಗಿಸಿದರು. ಅವರ ಮೇಲೆ ನನಗೆ ಸಿಟ್ಟು ಬಂತು, ನನ್ನ ಮೇಲೂ ಬಂತು. ಏನು ತಪ್ಪಿತು ಎಂದು ಪೀಪಾಯಿಯ ಹೊಟ್ಟಿಗೆ ಕೈ ಹಾಕಿದರೆ ಒದ್ದೆ. ಮೂಗಿನ ಹತ್ತಿರ ಹಿಡಿದೆ. ಹುಣಸೆಹಣ್ಣು! ಪಾತ್ರೆಗಾದರೆ ಹುಣಸೆ ಸವರಿ, ಉಜ್ಜಿ, ಆ ಕೂಡಲೇ ತೊಳೆಯುತ್ತೇವೆ. ಮುಚ್ಚಿದ ಪೀಪಾಯಿಯಲ್ಲಿ ನಾಲ್ಕು ದಿನ ಹುಳಿ ಕೂತರೆ ಹಿತ್ತಾಳೆಯನ್ನು ತಿಂದುಹಾಕುತ್ತದೆ. ಇದು ನಾನು ಹಾಕಿದ್ದಲ್ಲ.

"ನಿಮಗೆ ಪೀಪಾಯಿ ಕೆಡಬೇಕಿತ್ತು, ಅದಕ್ಕೇ ಹೀಗೆ ಮಾಡಿದಿರಿ" ಎಂದು ಗಂಡನ ಮೇಲೆ ಎಗರಿಬಿದ್ದೆ. ಅವರು ದಿಗಿಲುಬಿದ್ದು, "ಖುದಾನ ಆಣೆ, ನಾನು ಮುಟ್ಟಿಲ್ಲ" ಎಂದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಆಗ ಒಲೆಯ ಮುಂದಿನಿಂದ ಅತ್ತೆಯ ದನಿ ಬಂತು.

"ನಾನು ಹಾಕಿದ್ದು. ಹುಣಸೆ ಇಲ್ಲದೆ ಹಿತ್ತಾಳೆ ಎಲ್ಲಾದರೂ ಹೊಳೆಯುತ್ತದೆಯೇ? ನೀನು ಮರೆತಿದ್ದೀ ಅಂದುಕೊಂಡೆ. ಪೀಪಾಯಿ ಕಟ್ಟುವ ಮುಂಚೆ ನಾಲ್ಕಕ್ಕೂ ಕಿವುಚಿ ಹಾಕಿದೆ. ನೀನು ಗೆಲ್ಲಲಿ ಅಂತ ಹಾಕಿದೆ, ದುಲ್ಹನ್."

ನಾನು ಸೋಲಲಿ ಎಂದು ಈ ಮನೆಯಲ್ಲಿ ಯಾರಾದರೂ ಕಾಯುತ್ತಿದ್ದರೆ ಅದು ಅತ್ತೆ ಎಂದೇ ನಂಬಿದ್ದೆ. ಗಂಡನಿಗೆ ಅಂದು ಸಂಜೆ ಶಾವಿಗೆ ಪಾಯಸ ಮಾಡಿ ಬಡಿಸಿದೆ. ಬಾಯಿಬಿಟ್ಟು ಕ್ಷಮೆ ಕೇಳುವ ಅಭ್ಯಾಸ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವರಿಗೆ ಪಾಯಸ ಸಾಕಾಯಿತು.

ಎರಡನೇ ಸಲ ಹೊಟ್ಟನ್ನು ಅತ್ತೆಯೇ ಕೇರಿದರು. ಮರಳಿನ ಒಂದು ಕಣ ಇದ್ದರೂ ಬಿಲ್ಲೆಯ ಮೇಲೆ ಗೀರು ಬೀಳುತ್ತದೆಂದು ಮೂರು ಸಲ ಕೇರಿ, ಬಿಸಿಲಿಗೆ ಹರಡಿ, ಪಕ್ಕದಲ್ಲೇ ಕಾವಲು ಕೂತರು. ಪೀಪಾಯಿಗಳನ್ನು ಬೂದಿ ಹಾಕಿ ತಿಕ್ಕಿ ಒಣಗಿಸಿದ್ದೂ ಅವರೇ. ನಾನು ಎದ್ದರೆ "ಕೂತುಕೋ" ಎಂದು ಗದರುವರು, ನೀರಿನ ಕೊಡ ಎತ್ತಲು ಹೋದರೆ ಕೈಯಿಂದ ಕಸಿದುಕೊಳ್ಳುವರು. ಅಷ್ಟು ದಿನ ಇಲ್ಲದ್ದು ಈಗೇಕೆ ಎಂದು ನಾನು ಕೇಳಲಿಲ್ಲ. ಗಾಡಿ ಹೊರಟಿತು.

ಆ ನಾಲ್ಕು ದಿನ ನಾನು ಹೆದರಿದೆನೇ? ಗಾಡಿಯ ವಿಷಯದಲ್ಲಿ ಇಲ್ಲ. ಅದು ಆಗೇ ಆಗುತ್ತದೆಂದು ನನಗೆ ಗೊತ್ತಿತ್ತು. ಹೊಟ್ಟೆಯೊಳಗಿನದರ ವಿಷಯದಲ್ಲಿ ಮಾತ್ರ ಹೆದರಿದೆ. ಮಲಗಿದರೆ ಹೆದರಿಕೆ, ಕೆಮ್ಮಿದರೆ ಹೆದರಿಕೆ. ಮೂರನೇ ದಿನ ಬೆಳಿಗ್ಗೆ ಅದು ಒಳಗಿನಿಂದ ಮೊದಲ ಸಲ ಒದ್ದಿತು. ನಾನು ಒಲೆಯ ಮುಂದೆ ಕೂತಲ್ಲೇ ಅತ್ತುಬಿಟ್ಟೆ.

ಗಾಡಿ ಬಂತು. ಅಂಗಡಿಯ ಕಟ್ಟೆಯ ಮೇಲೆ ವ್ಯಾಪಾರಿ ತನ್ನ ಹೆಗಲ ವಲ್ಲಿ ಹಾಸಿ ಪೀಪಾಯಿಯನ್ನು ಬಗ್ಗಿಸಿದ. ಬಿಲ್ಲೆಗಳು ಬಿದ್ದ ಸದ್ದಿನಲ್ಲೇ ನನಗೆ ತಿಳಿಯಿತು, ಒಳ್ಳೆಯ ಹಿತ್ತಾಳೆಯ ಸದ್ದು ಅದು. ಗಂಡ ಒಂದನ್ನು ತೆಗೆದು ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, "ಸ್ಸ್" ಎಂದು ಬೆರಳನ್ನು ಬಾಯಿಗಿಟ್ಟುಕೊಂಡರು. ಬೆರಳು ಕೊಯ್ದದ್ದಕ್ಕೆ ಅಷ್ಟು ಸಂತೋಷಪಟ್ಟ ಗಂಡಸನ್ನು ನಾನು ಬೇರೆ ಕಂಡಿಲ್ಲ.

"ಕೊಪ್ಪ ಮುಟ್ಟಾದ್ರೊಳಗೆ ಅರ್ಧ ಆಗಿತ್ತು ಕಣ್ರೀ. ವಾಪಸ್ ಬರಾವತ್ಗೆ ಇಂಗಾಗದೆ. ದಾರೀಲಿ ಸಿಕ್ಕೋರೆಲ್ಲ ಗಾಲೀಲಿ ಏನು ಏನು ಅಂತ ಕೇಳಿದ್ದೇ ಕೇಳಿದ್ದು. ಮೊಸರು ಕಡೀತಾ ಇದೀನಿ ಅಂದ್ಬುಟ್ಟೆ!" ಎಂದು ವ್ಯಾಪಾರಿ ನಕ್ಕ.

ಆಮೇಲೆ ನಮ್ಮನ್ನು ಹಿಡಿಯುವವರಿರಲಿಲ್ಲ. ಹೆಗ್ಗಡದೇವನಕೋಟೆಯ ಕಡೆಗೆ ಮರಕ್ಕೆ ಹೋಗುವ ಗಾಡಿಗಳಿಗೂ ಪೀಪಾಯಿ ಕಟ್ಟಿಸಿದೆ. ಯಾವ ಸಾಮಾನಿಗೆ ಯಾವ ರಸ್ತೆ ಎಂಬುದೂ ಕಲಿತಾಯಿತು. ಕೋಟೆಯ ರಸ್ತೆ ಕಲ್ಲು ಗುಂಡಿ, ಒರಟು ತುಂಡುಗಳಿಗೆ ಅದು ಸರಿ. ಪಿರಿಯಾಪಟ್ಟಣದ ರಸ್ತೆ ನಯ, ಬಿಲ್ಲೆಗಳಿಗೆ ಅದೇ ಆಗಬೇಕು. ಮಳೆಗಾಲದಲ್ಲಿ ಹೊಟ್ಟು ಒದ್ದೆಯಾಗದಂತೆ ಪೀಪಾಯಿಯ ಮುಚ್ಚಳಕ್ಕೆ ಮೇಣ ಬಳಿಸಿದೆ. ಗಂಡ ಬಿಲ್ಲೆಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿಡುವರು, ಉಳಿದ ಹೊತ್ತೆಲ್ಲ ಪಾತ್ರೆಗಳನ್ನು ಅಜ್ಜನ ಕಾಲದಂತೆ ಕೈಯಲ್ಲೇ ಉಜ್ಜುವರು. ಬೀದಿಯವರು ಸಾಬರ ಬುದ್ಧಿಯೇ ಬುದ್ಧಿ ಎಂದು ಅವರನ್ನು ಹೊಗಳುತ್ತಿದ್ದರು. ಅವರು ಪ್ರತಿ ಸಲವೂ "ನನ್ನದಲ್ಲ, ನಮ್ಮ ಮನೆಯವಳದು" ಎನ್ನುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ. ನನಗೆ ಅದರಿಂದ ಏನೂ ಬೇಸರವಿರಲಿಲ್ಲ, ಸುಳ್ಳೇಕೆ, ಸ್ವಲ್ಪ ಇತ್ತು.

ದಿನ ತುಂಬಿ, ಒಂದು ಬೆಳಿಗ್ಗೆ ಹೆಣ್ಣು ಮಗು ಹುಟ್ಟಿತು. ಸೂಲಗಿತ್ತಿ ಅದನ್ನು ಎತ್ತಿ ಹಿಡಿದು, "ಏನ್ ಗಂಟ್ಲವ್ವ ಇದುಕ್ಕೆ! ಕೊಪ್ಪದ್ಗಂಟ ಕೇಳ್ತದೆ" ಎಂದಳು. ಗಂಡ ಬಂದು ಮಗುವಿನ ಕಿವಿಯಲ್ಲಿ ಅಜಾನ್ ಹೇಳಿ, ಕಣ್ಣೊರೆಸಿಕೊಂಡು ಹೊರಗೆ ಹೋದರು. ಸೂಲಗಿತ್ತಿಯೂ ಹೊರಟ ಮೇಲೆ ಕೋಣೆಯಲ್ಲಿ ನಾವು ಮೂವರೇ ಉಳಿದೆವು. ಅತ್ತೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತರು.

"ನನ್ನವು ಐದು ಹೋದವು" ಎಂದರು. ತಲೆ ಎತ್ತಲಿಲ್ಲ. "ನಿನ್ನ ಗಂಡ ಹುಟ್ಟುವ ಮುಂಚೆ ಮೂರು, ಆಮೇಲೆ ಎರಡು. ಐದೂ ಆ ವಾರಿನ ಮುಂದೆಯೇ."

ಮೊದಲು ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿದುಹೋಯಿತು. ನನ್ನ ಎರಡು ಹೋಗುವಾಗ ಇವರು ಅದೇ ಒಲೆಯ ಮುಂದೆ ಕೂತಿದ್ದರು. ಆಮೇಲೂ ಬಾಗಿಲಲ್ಲಿ ನಿಂತು "ನನಗೇನಾಯಿತು?" ಎಂದು ಕೇಳಿದ್ದರು.

"ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ?" ಎಂದು ಕೂಗಿದೆ.

"ಹೇಳಿದ್ದರೆ ಆ ವಾರನ್ನು ಯಾರು ಎಳೆಯುತ್ತಿದ್ದರು?" ಎಂದರು ಅತ್ತೆ. ಅದರಲ್ಲಿ ಜಗಳವಿರಲಿಲ್ಲ. ನಿಜವಾಗಿಯೂ ನನ್ನನ್ನು ಕೇಳುತ್ತಿದ್ದರು. "ನನಗೂ ನನ್ನ ಅತ್ತೆ ಹೇಳಿರಲಿಲ್ಲ."

ಮಗುವನ್ನು ಕಿತ್ತುಕೊಳ್ಳಲು ಎರಡೂ ಕೈ ಚಾಚಿದೆ. ಅತ್ತೆ ತಡಮಾಡದೆ ಮಗುವನ್ನು ಎತ್ತಿ ನನ್ನ ಕಡೆ ಹಿಡಿದರು. ಅಷ್ಟು ಹಗುರದ ಮಗುವನ್ನು ಹಿಡಿದ ಅವರ ತೋಳುಗಳು ಭುಜದಿಂದ ಬೆರಳ ತುದಿಯವರೆಗೂ ಗಡಗಡ ನಡುಗುತ್ತಿದ್ದವು. ನಾನು ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡೆ.

"ಮಡಿಲಲ್ಲಿ ಹಾಕಿಕೊಳ್ಳಿ ಅಮ್ಮಾ, ತೋಳು ನೋಯುತ್ತೆ" ಎಂದೆ. ಅವತ್ತು ಸಂಜೆಯವರೆಗೂ, ಹಾಲು ಕುಡಿಸುವ ಹೊತ್ತು ಬಿಟ್ಟು, ಮಗುವನ್ನು ನಾನು ವಾಪಸು ಕೇಳಲಿಲ್ಲ.